ಕಾಲುವೆಯ ಮೀನನ್ನು ನೋಡುತ್ತ ಕುಳಿತ ನಿಕೊ ಟಿನ್‌ಬರ್ಗೆನ್

ಹಾಲೆಂಡ್ ದೇಶದ ತುಂಬ ನೀರಿನ ಕಾಲುವೆಗಳು. ಸಮುದ್ರ ಮಟ್ಟಕ್ಕಿಂತ ತಗ್ಗಾದ ಹುಲ್ಲುಗಾವಲುಗಳಿಂದ ನೀರು ಬಸಿದು ಹೋಗಲೆಂದು ಜನರು ತೋಡಿಕೊಂಡ ಕಾಲುವೆಗಳಿವು. ಇವುಗಳಲ್ಲಿ ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನುಗಳಿವೆ. ಬೆನ್ನ ಮೇಲೆ ಮುಳ್ಳುಗಳಿರುವುದರಿಂದ ಆ ಹೆಸರು. ಅವುಗಳಲ್ಲಿ ಎರಡು ಬಗೆ. ಒಂದಕ್ಕೆ ಮೂರು ಮುಳ್ಳು, ಇನ್ನೊಂದಕ್ಕೆ ಒಂಬತ್ತು ಹತ್ತು ಮುಳ್ಳು. ಎರಡೂ ಒಂದೇ ಕುಟುಂಬದವು, ಎರಡೂ ಬೆರಳುದ್ದದವು. ವಸಂತ ಬಂತೆಂದರೆ ಎರಡೂ ಗೂಡು ಕಟ್ಟಿ ಮರಿ ಮಾಡುತ್ತವೆ. ನಡುವೆ ಬೇಲಿಯಿಲ್ಲ, ಗೋಡೆಯಿಲ್ಲ, ನೀರು ಒಂದೇ. ಆದರೂ ಒಂದರ ಸಂತಾನ ಇನ್ನೊಂದರೊಡನೆ ಬೆರೆತು ಹೋಗುವುದಿಲ್ಲ. ಈ ಮೀನುಗಳು ತಮ್ಮ ಕುಲದವರನ್ನು ಹೇಗೆ ಗುರುತಿಸುತ್ತವೆ?

ಇಂಥ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯನ್ನು ತೋರಿಸಿಕೊಟ್ಟವರಲ್ಲಿ ಪ್ರಮುಖರು ನಿಕೊಲಾಸ್ ಟಿನ್‌ಬರ್ಗೆನ್. ಎಲ್ಲರೂ ಅವರನ್ನು ನಿಕೊ ಎಂದೇ ಕರೆಯುತ್ತಿದ್ದರು. 1973ರಲ್ಲಿ ನೊಬೆಲ್ ಬಹುಮಾನ ಪಡೆದ ವಿಜ್ಞಾನಿ ಅವರು. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಬರೆಯಬೇಕೆಂದಾಗ ನಾನು ಅವರನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ. ಅವರ ಆಸಕ್ತಿಗೆ ಮೊದಲು ನೀರೆರೆದದ್ದು ದೊಡ್ಡ ವಿಶ್ವವಿದ್ಯಾಲಯವಲ್ಲ. ಒಂದು ಹೈಸ್ಕೂಲಿನ ತರಗತಿ ಕೋಣೆ, ಅಲ್ಲಿದ್ದ ಮೂರು ಮೀನಿನ ತೊಟ್ಟಿ ಮತ್ತು ಹುಡುಗನ ಮನಸ್ಸನ್ನು ಅರಿತಿದ್ದ ಒಬ್ಬ ಮೇಷ್ಟ್ರು.

ಹಿತ್ತಲಿನ ತೊಟ್ಟಿಯಿಂದ ತರಗತಿಯ ತೊಟ್ಟಿಗೆ

ನಿಕೊ ಹುಟ್ಟಿದ್ದು 1907ರ ಏಪ್ರಿಲ್ 15ರಂದು, ಹಾಲೆಂಡಿನ ಹೇಗ್ ನಗರದಲ್ಲಿ. ಐವರು ಮಕ್ಕಳಲ್ಲಿ ಇವರು ಮೂರನೆಯವರು. ತಂದೆ ಶಾಲಾ ಶಿಕ್ಷಕರು. ಡಚ್ ಭಾಷೆ ಮತ್ತು ಇತಿಹಾಸವನ್ನು ಕಲಿಸುತ್ತಿದ್ದರು. ತಾಯಿ ಮನೆಯನ್ನು ನಗುನಗುತ್ತ ನಡೆಸುತ್ತಿದ್ದವರು. ದೊಡ್ಡ ಸಿರಿತನವಿಲ್ಲದ, ಓದು ಬರಹಕ್ಕೆ ಬೆಲೆಯಿದ್ದ ಮನೆ. ಅಣ್ಣ ಯಾನ್ ಮುಂದೆ ಅರ್ಥಶಾಸ್ತ್ರಜ್ಞರಾಗಿ, 1969ರಲ್ಲಿ ಅರ್ಥಶಾಸ್ತ್ರಕ್ಕೆ ನೀಡಿದ ಮೊಟ್ಟಮೊದಲ ನೊಬೆಲ್ ಬಹುಮಾನವನ್ನು ಇನ್ನೊಬ್ಬರೊಡನೆ ಹಂಚಿಕೊಂಡರು. ಹೀಗೆ ಒಬ್ಬ ಮೇಷ್ಟ್ರ ಮನೆಯಿಂದ ಇಬ್ಬರು ನೊಬೆಲ್ ವಿಜೇತರು ಬಂದರು.

ಆದರೆ ನಿಕೊ ಪುಸ್ತಕದ ಹುಳುವಾಗಿರಲಿಲ್ಲ. ಪಾಸಾಗಲು ಬೇಕಾದಷ್ಟು ಓದುತ್ತಿದ್ದರು, ಉಳಿದ ಹೊತ್ತೆಲ್ಲ ಹೊರಗೆ. ಸಮುದ್ರದ ದಂಡೆ, ಮರಳು ದಿಬ್ಬ, ಹಕ್ಕಿ ಗೂಡು, ಹಾಕಿ ಆಟ, ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್. ಮನೆಯ ಹಿತ್ತಲಿನಲ್ಲಿ ಎರಡು ಸಣ್ಣ ಮೀನಿನ ತೊಟ್ಟಿಗಳಿದ್ದವು. ಪ್ರತಿ ವಸಂತದಲ್ಲಿ ಅವುಗಳೊಳಗೆ ಸ್ಟಿಕಲ್‌ಬ್ಯಾಕ್ ಮೀನುಗಳು ಗೂಡು ಕಟ್ಟುವುದನ್ನು ಹುಡುಗ ನಿಕೊ ನೋಡುತ್ತ ಕೂರುತ್ತಿದ್ದರು.

ಹೈಸ್ಕೂಲಿನಲ್ಲಿ ಅವರಿಗೆ ನಿಸರ್ಗ ವಿಜ್ಞಾನ ಕಲಿಸುತ್ತಿದ್ದವರು ಶೀರ್‌ಬೇಕ್ ಎಂಬ ಮೇಷ್ಟ್ರು. ತರಗತಿಯಲ್ಲಿ ಮೂರು ಸಮುದ್ರ ನೀರಿನ ತೊಟ್ಟಿಗಳಿದ್ದವು. ಅವುಗಳ ಉಸ್ತುವಾರಿಯನ್ನು ಮೇಷ್ಟ್ರು ನಿಕೊ ಮತ್ತು ಕೆಲವು ಹುಡುಗರಿಗೆ ವಹಿಸಿದರು. ವಿರಾಮದ ವೇಳೆ ಮಕ್ಕಳೆಲ್ಲ ಅಂಗಳಕ್ಕೆ ಹೋಗಲೇಬೇಕು ಎಂಬುದು ಶಾಲೆಯ ನಿಯಮ. ಈ ಹುಡುಗನಿಗೆ ಹೊರಗಿನ ಗಾಳಿ ಬೇಕಾದಷ್ಟು ಸಿಗುತ್ತಿದೆ, ಬೆಳಗಿನ ವಿರಾಮವನ್ನು ಒಳಗೇ ಮೀನುಗಳೊಡನೆ ಕಳೆದರೆ ಏನೂ ಕೆಡುವುದಿಲ್ಲ ಎಂದು ಮೇಷ್ಟ್ರು ಮುಖ್ಯೋಪಾಧ್ಯಾಯರನ್ನು ಒಪ್ಪಿಸಿದರು. ಸಣ್ಣ ವಿಷಯವೆಂದು ಅನಿಸಬಹುದು. ಐವತ್ತು ವರ್ಷಗಳ ಬಳಿಕ ನೊಬೆಲ್ ಬಹುಮಾನ ಬಂದಾಗ ಬರೆದ ತಮ್ಮ ಆತ್ಮವೃತ್ತಾಂತದಲ್ಲಿ ಟಿನ್‌ಬರ್ಗೆನ್ ಆ ಮೇಷ್ಟ್ರ ಹೆಸರನ್ನೂ ಆ ಮೂರು ತೊಟ್ಟಿಗಳನ್ನೂ ಮರೆಯದೆ ನೆನೆದರು.

ಹೈಸ್ಕೂಲು ಮುಗಿದಾಗ ಅವರಿಗೆ ಕಾಲೇಜಿಗೆ ಹೋಗುವ ಮನಸ್ಸೇ ಇರಲಿಲ್ಲ. ಆಗಿನ ಜೀವಶಾಸ್ತ್ರ ಎಂದರೆ ಹೆಚ್ಚಾಗಿ ಸತ್ತ ಪ್ರಾಣಿಯನ್ನು ಕೊಯ್ದು ನೋಡುವುದು. ಬದುಕಿರುವ ಪ್ರಾಣಿಯನ್ನು ನೋಡುವುದು ಹವ್ಯಾಸವೇ ಹೊರತು ವಿಜ್ಞಾನವಲ್ಲ ಎಂಬ ಭಾವನೆ ಇತ್ತು. ಮನೆಯವರ ಸ್ನೇಹಿತರ ಸಲಹೆಯಂತೆ 1925ರಲ್ಲಿ ಅವರನ್ನು ಬಾಲ್ಟಿಕ್ ಸಮುದ್ರ ತೀರದ ರೋಸಿಟೆನ್ ಎಂಬಲ್ಲಿಗೆ ಕಳುಹಿಸಲಾಯಿತು. ಅಲ್ಲಿ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ದಾರಿಯನ್ನು ತಿಳಿಯುವ ಕೇಂದ್ರವಿತ್ತು. ಶರತ್ಕಾಲದಲ್ಲಿ ಸಾವಿರಾರು ಹಕ್ಕಿಗಳು ಹಾದುಹೋಗುವುದನ್ನು ನೋಡಿ ಹಿಂತಿರುಗಿದ ನಿಕೊ ಲೈಡನ್ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರಕ್ಕೆ ಸೇರಿಕೊಂಡರು.

ಮೂವತ್ತೆರಡು ಪುಟಗಳ ಪ್ರಬಂಧ

ಲೈಡನ್‌ನಲ್ಲಿ ಅವರು ಡಾಕ್ಟರೇಟ್‌ಗೆ ಆರಿಸಿಕೊಂಡದ್ದು ಜೇನುಹುಳಗಳನ್ನು ಬೇಟೆಯಾಡುವ ಒಂದು ಕಣಜವನ್ನು. ಮರಳಿನಲ್ಲಿ ಬಿಲ ತೋಡುವ ಈ ಕಣಜ ದೂರ ಹಾರಿಹೋಗಿ ಮತ್ತೆ ತನ್ನ ಬಿಲಕ್ಕೇ ಬರುವುದು ಹೇಗೆ? ಬಿಲದ ಸುತ್ತ ಪೈನ್ ಮರದ ಕಾಯಿಗಳನ್ನು ಉಂಗುರದಂತೆ ಜೋಡಿಸಿ, ಕಣಜಕ್ಕೆ ಅದು ರೂಢಿಯಾದ ಮೇಲೆ, ಅದು ಹೊರಗೆ ಹೋದಾಗ ಉಂಗುರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು. ಮರಳಿ ಬಂದ ಕಣಜ ತನ್ನ ಬಿಲವನ್ನು ಬಿಟ್ಟು ಉಂಗುರದ ನಡುವೆ ಹುಡುಕಾಡಿತು. ಕಣಜ ದಾರಿಯ ಗುರುತುಗಳನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದು ಹೀಗೆ ತಿಳಿಯಿತು. ಖರ್ಚು ಏನೂ ಇಲ್ಲ. ಬೇಕಾದದ್ದು ತಾಳ್ಮೆ ಮಾತ್ರ. 1932ರಲ್ಲಿ ಸಲ್ಲಿಸಿದ ಆ ಪ್ರಬಂಧ ಬರೀ 32 ಪುಟಗಳದ್ದು.

ಅದೇ ವರ್ಷ ಎಲಿಜಬೆತ್ ರುಟೆನ್ ಅವರನ್ನು ಮದುವೆಯಾದರು. ಮನೆಯವರೆಲ್ಲ ಅವರನ್ನು ಲೀಸ್ ಎನ್ನುತ್ತಿದ್ದರು. ಹೊಸ ದಂಪತಿಗಳು ಹೊರಟದ್ದು ಗ್ರೀನ್‌ಲೆಂಡಿನ ಪೂರ್ವ ತೀರಕ್ಕೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಇನ್ಯೂಟ್ ಜನರೊಡನೆ ಬದುಕಿ, ಹಿಮದ ನಾಡಿನ ಹಕ್ಕಿಗಳನ್ನೂ ನಾಯಿಗಳನ್ನೂ ಗಮನಿಸಿದರು. 1933ರಲ್ಲಿ ಹಿಂತಿರುಗಿ ಲೈಡನ್‌ನಲ್ಲಿ ಪಾಠ ಮಾಡತೊಡಗಿದರು.

ವಿದ್ಯಾರ್ಥಿಗಳಿಗೆ ಪ್ರಾಣಿಗಳ ನಡವಳಿಕೆಯನ್ನು ಪ್ರಯೋಗದ ಮೂಲಕ ಕಲಿಸಬೇಕಾಗಿತ್ತು. ಹಣ ಕಡಿಮೆ. ಆಗ ಅವರಿಗೆ ನೆನಪಾದದ್ದು ಹಿತ್ತಲಿನ ತೊಟ್ಟಿಯ ಹಳೆಯ ಗೆಳೆಯ. ಸ್ಟಿಕಲ್‌ಬ್ಯಾಕ್ ಯಾವ ಕಾಲುವೆಯಲ್ಲಾದರೂ ಸಿಗುತ್ತದೆ, ಪುಕ್ಕಟೆ ಸಿಗುತ್ತದೆ. ತೊಟ್ಟಿಗೆ ಬಿಟ್ಟರೆ ಬೇಗ ಹೊಂದಿಕೊಳ್ಳುತ್ತದೆ, ಮನುಷ್ಯರಿಗೆ ಅಂಜುವುದಿಲ್ಲ. ಅದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಬೇರೆ ಬೇಕಾಗಿರಲಿಲ್ಲ.

ಕೆಂಪು ಹೊಟ್ಟೆ, ಅಂಕುಡೊಂಕು ಕುಣಿತ

ಮೂರು ಮುಳ್ಳಿನ ಮೀನಿನ ಸಂಸಾರದ ಕಥೆ ಹೀಗಿದೆ. ವಸಂತ ಬಂದಾಗ ಗಂಡು ಮೀನು ಗುಂಪನ್ನು ಬಿಟ್ಟು ಆಳವಿಲ್ಲದ ನೀರಿಗೆ ಬಂದು ತನ್ನದೇ ಒಂದು ಜಾಗ ಹಿಡಿಯುತ್ತದೆ. ಬೇರೆ ಗಂಡು ಬಂದರೆ ಅಟ್ಟುತ್ತದೆ. ಬಾಯಲ್ಲಿ ಮರಳು ಕಚ್ಚಿ ಕಚ್ಚಿ ಎತ್ತಿ ಹಾಕಿ ತಳದಲ್ಲಿ ಗುಂಡಿ ಮಾಡುತ್ತದೆ. ಪಾಚಿಯ ಎಳೆಗಳನ್ನು ತಂದು ಅದರಲ್ಲಿ ಒಟ್ಟುತ್ತದೆ, ತನ್ನ ಮೈಯಿಂದ ಒಸರುವ ಅಂಟಿನಿಂದ ಅವನ್ನು ಅಂಟಿಸುತ್ತದೆ. ಕೊನೆಗೆ ಆ ರಾಶಿಯ ಮಧ್ಯೆ ನುಗ್ಗಿ ಸುರಂಗ ಕೊರೆಯುತ್ತದೆ. ಅದೇ ಗೂಡು. ಈ ಹೊತ್ತಿಗೆ ಅದರ ಹೊಟ್ಟೆ ಕಡುಗೆಂಪಾಗಿ, ಕಣ್ಣು ನೀಲಿಯಾಗಿ ಹೊಳೆಯುತ್ತಿರುತ್ತದೆ.

ಮೊಟ್ಟೆ ತುಂಬಿ ಹೊಟ್ಟೆ ಉಬ್ಬಿದ ಹೆಣ್ಣು ಆ ದಾರಿಯಲ್ಲಿ ಬಂದರೆ ಗಂಡು ಅಂಕುಡೊಂಕಾಗಿ ಕುಣಿಯುತ್ತದೆ: ಒಮ್ಮೆ ಹೆಣ್ಣಿನ ಕಡೆಗೆ ನುಗ್ಗುವುದು, ಒಮ್ಮೆ ಹಿಂದೆ ಸರಿಯುವುದು. ಹೆಣ್ಣು ತಲೆ ಮೇಲೆತ್ತಿ ತನ್ನ ತುಂಬಿದ ಹೊಟ್ಟೆಯನ್ನು ತೋರಿಸುತ್ತದೆ. ಗಂಡು ತಿರುಗಿ ಗೂಡಿನತ್ತ ಹೊರಡುತ್ತದೆ, ಹೆಣ್ಣು ಹಿಂಬಾಲಿಸುತ್ತದೆ. ಗಂಡು ಓರೆಯಾಗಿ ಮಲಗಿ ಮೂತಿಯಿಂದ ಗೂಡಿನ ಬಾಗಿಲನ್ನು ತೋರಿಸುತ್ತದೆ, ಹೆಣ್ಣು ಒಳಗೆ ಹೋಗುತ್ತದೆ. ಗಂಡು ಹೆಣ್ಣಿನ ಬಾಲದ ಬುಡವನ್ನು ಮೂತಿಯಿಂದ ತಟ್ಟುತ್ತದೆ, ಆಗ ಹೆಣ್ಣು ಮೊಟ್ಟೆ ಇಡುತ್ತದೆ. ಹೆಣ್ಣು ಆಚೆ ಹೋದ ಮೇಲೆ ಗಂಡು ಒಳಗೆ ನುಗ್ಗಿ ಮೊಟ್ಟೆಗಳನ್ನು ಫಲಿತಗೊಳಿಸುತ್ತದೆ. ಅಲ್ಲಿಂದ ಮುಂದೆ ಬಾಣಂತನವೆಲ್ಲ ಗಂಡಿನದೇ. ರೆಕ್ಕೆಯಿಂದ ಬೀಸಿ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುತ್ತದೆ, ವಾರದ ಮೇಲೆ ಮರಿಗಳು ಹೊರಬಂದಾಗ ಅವುಗಳಿಗೆ ಕಾವಲಿರುತ್ತದೆ.

ಟಿನ್‌ಬರ್ಗೆನ್ ಮತ್ತು ಅವರ ವಿದ್ಯಾರ್ಥಿಗಳು ಇದನ್ನು ನೋಡಿ ಸುಮ್ಮನಾಗಲಿಲ್ಲ. ಯಾವುದು ಯಾವುದಕ್ಕೆ ಕಾರಣ ಎಂದು ಕೇಳಿದರು. ಬೊಂಬೆ ಮೀನುಗಳನ್ನು ಮಾಡಿದರು. ಮೀನಿನಂತೆಯೇ ಕಾಣುವ, ಆದರೆ ಹೊಟ್ಟೆಗೆ ಕೆಂಪು ಹಚ್ಚದ ಬೊಂಬೆಯನ್ನು ಗಂಡು ಅಷ್ಟಾಗಿ ಲೆಕ್ಕಿಸಲಿಲ್ಲ. ಮೀನಿನ ಆಕಾರವೇ ಇಲ್ಲದ, ಆದರೆ ಕೆಳಭಾಗಕ್ಕೆ ಕೆಂಪು ಬಳಿದ ಬೊಂಬೆಯ ಮೇಲೆ ಏರಿಹೋಯಿತು. ಉಬ್ಬಿದ ಹೊಟ್ಟೆಯ ಒರಟು ಬೊಂಬೆಯನ್ನು ತೋರಿಸಿದರೆ ಅದರ ಮುಂದೆ ಕುಣಿಯಿತು. ಕೆಂಪು ಬೊಂಬೆಯನ್ನು ಅಂಕುಡೊಂಕಾಗಿ ಆಡಿಸಿದರೆ ಹೆಣ್ಣು ಅದನ್ನು ಹಿಂಬಾಲಿಸಿತು. ಬೊಂಬೆ ಬರೀ ಮರಳನ್ನು ತೋರಿಸಿದರೂ ಇಲ್ಲದ ಗೂಡಿನೊಳಗೆ ನುಗ್ಗಲು ನೋಡಿತು.

ಒಂದು ಘಟನೆ ಪ್ರಸಿದ್ಧವಾಗಿದೆ. ಪ್ರಯೋಗಶಾಲೆಯ ಕಿಟಕಿಯ ಬದಿಯಲ್ಲಿ ತೊಟ್ಟಿಗಳನ್ನು ಸಾಲಾಗಿ ಇಟ್ಟಿದ್ದರು. ಹೊರಗೆ ದೂರದಲ್ಲಿ ಅಂಚೆ ಇಲಾಖೆಯ ಕೆಂಪು ವ್ಯಾನು ಹಾದುಹೋದಾಗ ತೊಟ್ಟಿಗಳಲ್ಲಿದ್ದ ಗಂಡು ಮೀನುಗಳೆಲ್ಲ ಕಿಟಕಿಯ ಕಡೆಗೆ ನುಗ್ಗಿ, ವ್ಯಾನು ಹೋದ ದಿಕ್ಕಿಗೇ ಈಜಿ ಅದನ್ನು ಅಟ್ಟಲು ಹೊರಟವು! ನಂತರ ಬಂದ ಸಂಶೋಧಕರು ಇದೇ ಪ್ರಯೋಗಗಳನ್ನು ಬೇರೆ ಬೇರೆ ಕಡೆ ಮಾಡಿ ನೋಡಿದಾಗ, ಕೆಂಪು ಕಂಡೊಡನೆ ಎಲ್ಲ ಗಂಡುಗಳೂ ಒಂದೇ ರೀತಿ ಎರಗುವುದಿಲ್ಲ ಎಂಬುದೂ ಕಂಡುಬಂತು. ಆದರೆ ಕೇಳುವ ರೀತಿಯನ್ನು ಹಾಕಿಕೊಟ್ಟವರು ಟಿನ್‌ಬರ್ಗೆನ್.

ಬೇಲಿಯಿಲ್ಲದ ಬೇಲಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಎರಡು ಪ್ರಭೇದಗಳು ಬೆರೆತರೆ ಆಗುವ ನಷ್ಟವೇನು? ಕುದುರೆ ಮತ್ತು ಕತ್ತೆಗೆ ಹುಟ್ಟುವ ಹೇಸರಗತ್ತೆ ನಮಗೆ ಗೊತ್ತು. ಅದು ಗಟ್ಟಿಮುಟ್ಟು, ಆದರೆ ಅದಕ್ಕೆ ಸಂತಾನವಿಲ್ಲ. ಮೀನುಗಳಲ್ಲೂ ಬೇರೆ ಪ್ರಭೇದದೊಡನೆ ಕೂಡಿದರೆ ಎಷ್ಟೋ ಬಾರಿ ಮೊಟ್ಟೆಯೇ ಕೆಡುತ್ತದೆ, ಮರಿ ಬಂದರೂ ದುರ್ಬಲವಾಗಿರುತ್ತದೆ ಅಥವಾ ಬಂಜೆಯಾಗಿರುತ್ತದೆ. ಒಂದು ಪುಟ್ಟ ಮೀನಿಗೆ ಸಿಗುವುದು ಒಂದೋ ಎರಡೋ ವಸಂತ. ತಪ್ಪು ಜೋಡಿಯಾದರೆ ಬದುಕಿನ ಗಳಿಕೆಯೆಲ್ಲ ಹೋದಂತೆ. ಆದ್ದರಿಂದ ಸರಿಯಾದ ಜೋಡಿಯನ್ನು ಗುರುತಿಸುವ ಗುಣವಿದ್ದ ಮೀನುಗಳ ಸಂತಾನವೇ ತಲೆಮಾರಿನಿಂದ ತಲೆಮಾರಿಗೆ ಉಳಿದು ಬಂದಿತು.

1953ರಲ್ಲಿ ಪ್ರಕಟವಾದ ಪ್ರಾಣಿಗಳ ಸಾಮಾಜಿಕ ನಡವಳಿಕೆಯ ಬಗೆಗಿನ ತಮ್ಮ ಪುಸ್ತಕದಲ್ಲಿ ಟಿನ್‌ಬರ್ಗೆನ್ ಕೂಡುವ ಮುಂಚಿನ ಈ ಕುಣಿತಗಳಿಂದ ನಾಲ್ಕು ಕೆಲಸ ಆಗುತ್ತದೆ ಎಂದು ವಿವರಿಸಿದರು. ಗಂಡು ಹೆಣ್ಣುಗಳು ಒಂದೇ ಹೊತ್ತಿಗೆ ಸಿದ್ಧವಾಗುವುದು ಒಂದು. ಪರಸ್ಪರ ಅಂಜಿಕೆ, ಜಗಳ ಕಳೆದು ಒಲಿಯುವುದು ಎರಡು. ಸರಿಯಾದ ಜಾಗಕ್ಕೆ ಬಂದು ಸೇರುವುದು ಮೂರು. ನಾಲ್ಕನೆಯದು, ಬೇರೆ ಪ್ರಭೇದದೊಡನೆ ಬೆರೆಯದಂತೆ ತಡೆಯುವುದು.

ಹತ್ತು ಮುಳ್ಳಿನ ಮೀನನ್ನು ವಿವರವಾಗಿ ಅಧ್ಯಯನ ಮಾಡಿದವರು ಆಕ್ಸ್‌ಫರ್ಡ್‌ನಲ್ಲಿ ಟಿನ್‌ಬರ್ಗೆನ್ ಅವರ ಶಿಷ್ಯರಾಗಿದ್ದ ಡೆಸ್ಮಂಡ್ ಮೋರಿಸ್. ಅದರ ಗಂಡು ವಸಂತದಲ್ಲಿ ಕೆಂಪಾಗುವುದಿಲ್ಲ, ಮೈಯೆಲ್ಲ ಕಪ್ಪಾಗುತ್ತದೆ. ಗೂಡನ್ನು ಮರಳಿನ ಮೇಲೆ ಕಟ್ಟುವುದಿಲ್ಲ, ತಳದಿಂದ ಮೇಲೆ, ದಟ್ಟ ಜೊಂಡಿನ ನಡುವೆ ಕಟ್ಟುತ್ತದೆ. ಕುಣಿಯುವುದು ತಲೆ ಕೆಳಗೆ ಮಾಡಿ, ಹಾರಿ ಹಾರಿ. ಅಂದರೆ ಉಡುಗೆ ಬೇರೆ, ಮನೆಯ ಜಾಗ ಬೇರೆ, ಕರೆಯುವ ರೀತಿ ಬೇರೆ.

ನನ್ನ ವೃತ್ತಿಯ ಒಂದು ಹೋಲಿಕೆ ಕೊಡುತ್ತೇನೆ. ಇವತ್ತು ಬ್ಯಾಂಕಿನಿಂದ ಹಣ ಕಳುಹಿಸುವಾಗ ಮೊದಲು ಪಾಸ್‌ವರ್ಡ್ ಕೇಳುತ್ತದೆ, ಆಮೇಲೆ ಮೊಬೈಲಿಗೆ ಓಟಿಪಿ ಬರುತ್ತದೆ. ಒಂದು ಹಂತ ತಪ್ಪಿದರೂ ಮುಂದಿನ ಬಾಗಿಲು ತೆರೆಯುವುದಿಲ್ಲ. ಮೀನಿನ ಮದುವೆಯೂ ಹಾಗೆಯೇ. ಬಣ್ಣಕ್ಕೆ ತಲೆ ಎತ್ತಬೇಕು, ತಲೆ ಎತ್ತಿದ್ದಕ್ಕೆ ದಾರಿ ತೋರಿಸಬೇಕು, ದಾರಿ ತೋರಿದ್ದಕ್ಕೆ ಹಿಂಬಾಲಿಸಬೇಕು, ತಟ್ಟಿದ್ದಕ್ಕೆ ಮೊಟ್ಟೆ ಇಡಬೇಕು. ಪ್ರತಿ ಹೆಜ್ಜೆಯೂ ಮುಂದಿನ ಹೆಜ್ಜೆಗೆ ಕೀಲಿಕೈ. ಆತುರದ ಗಂಡೊಂದು ತಪ್ಪಿ ಬೇರೆ ಕುಲದ ಹೆಣ್ಣಿನ ಮುಂದೆ ಕುಣಿದರೂ, ಆ ಹೆಣ್ಣು ಸರಿಯಾದ ಉತ್ತರ ಕೊಡುವುದಿಲ್ಲ. ಸರಪಳಿ ಅಲ್ಲಿಗೇ ಕಳಚುತ್ತದೆ. ಯಾರೂ ಯಾರನ್ನೂ ಹೊಡೆದು ಓಡಿಸಬೇಕಾಗಿಲ್ಲ. ಕಾಲುವೆಯ ನಡುವಿನ ಬೇಲಿ ಎಂದರೆ ಇದೇ.

ಸೆರೆಯಲ್ಲಿ ಎರಡು ವರ್ಷ

1936ರಲ್ಲಿ ಆಸ್ಟ್ರಿಯಾದ ಕೊನ್ರಾಡ್ ಲೊರೆಂಟ್ಸ್ ಎಂಬ ವಿಜ್ಞಾನಿ ಲೈಡನ್‌ಗೆ ಬಂದರು. ಇಬ್ಬರಿಗೂ ಪ್ರಾಣಿಗಳ ನಡವಳಿಕೆಯೇ ಉಸಿರು. ಲೊರೆಂಟ್ಸ್ ಮಾತಿನ ಮಲ್ಲ, ಹೊಸ ಹೊಸ ಊಹೆಗಳನ್ನು ಹೊಳೆಯಿಸುವವರು. ಟಿನ್‌ಬರ್ಗೆನ್ ಪ್ರಯೋಗ ಮಾಡಿ ಒರೆಗೆ ಹಚ್ಚುವವರು. ಮರುವರ್ಷ ಟಿನ್‌ಬರ್ಗೆನ್ ಕೆಲವು ತಿಂಗಳು ಲೊರೆಂಟ್ಸ್ ಅವರ ಊರಿನಲ್ಲಿ ಇದ್ದು ಜೊತೆಯಾಗಿ ಕೆಲಸ ಮಾಡಿದರು. ಇಥಾಲಜಿ ಎಂಬ ವಿಜ್ಞಾನ ಶಾಖೆ ಬೆಳೆದದ್ದು ಈ ಗೆಳೆತನದಲ್ಲಿ.

ಆದರೆ ಕಾಲ ಕೆಟ್ಟಿತ್ತು. ಲೊರೆಂಟ್ಸ್ 1938ರಲ್ಲಿ ನಾಜಿ ಪಕ್ಷ ಸೇರಿದರು. ಸಾಕುಪ್ರಾಣಿಗಳಲ್ಲಿ ಕಂಡ ಬದಲಾವಣೆಯನ್ನು ಮನುಷ್ಯರಿಗೆ ಹೊಲಿದು, ಜನಾಂಗದ ಶುದ್ಧತೆಯ ಪರವಾಗಿ ಬರೆದರು. 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಹಾಲೆಂಡನ್ನು ಆಕ್ರಮಿಸಿತು. ಆ ವರ್ಷದ ನವೆಂಬರ್‌ನಲ್ಲಿ ಯಹೂದಿ ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆಯಲಾಯಿತು. ಲೈಡನ್‌ನಲ್ಲಿ ಪ್ರಾಧ್ಯಾಪಕ ಕ್ಲೆವೆರಿಂಗಾ ಸಭೆಯಲ್ಲೇ ಇದನ್ನು ಬಹಿರಂಗವಾಗಿ ಖಂಡಿಸಿದರು, ವಿದ್ಯಾರ್ಥಿಗಳು ಮುಷ್ಕರ ಹೂಡಿದರು, ಜರ್ಮನರು ವಿಶ್ವವಿದ್ಯಾಲಯವನ್ನು ಮುಚ್ಚಿಸಿದರು. ವಿಶ್ವವಿದ್ಯಾಲಯವನ್ನು ತಮ್ಮ ಸಿದ್ಧಾಂತಕ್ಕೆ ಬಗ್ಗಿಸಲು ಅವರು ಮತ್ತೆ ಯತ್ನಿಸಿದಾಗ, 1942ರಲ್ಲಿ, ಹೆಚ್ಚಿನ ಪ್ರಾಧ್ಯಾಪಕರು ರಾಜೀನಾಮೆ ಕೊಟ್ಟರು. ಟಿನ್‌ಬರ್ಗೆನ್ ಅವರೂ ಕೊಟ್ಟರು. ಮನೆಯಲ್ಲಿ ಸಣ್ಣ ಮಕ್ಕಳಿದ್ದರು.

ಅದೇ ವರ್ಷ ಅವರನ್ನು ಹಿಡಿದು ಸಿಂಟ್ ಮಿಖೀಲ್ಸ್‌ಖೆಸ್ಟೆಲ್ ಎಂಬ ಊರಿನ ಒತ್ತೆಯಾಳುಗಳ ಶಿಬಿರದಲ್ಲಿ ಇಟ್ಟರು. ನಾಡಿನ ಗಣ್ಯರನ್ನೆಲ್ಲ ಅಲ್ಲಿ ಕೂಡಿಹಾಕಿದ್ದರು. ಹೊರಗೆ ಯಾರಾದರೂ ಜರ್ಮನರ ವಿರುದ್ಧ ಕೃತ್ಯ ನಡೆಸಿದರೆ ಒಳಗಿದ್ದವರ ಪ್ರಾಣಕ್ಕೆ ಕುತ್ತು. 1942ರ ಆಗಸ್ಟ್‌ನಲ್ಲಿ ಹೀಗೆಯೇ ಐವರು ಒತ್ತೆಯಾಳುಗಳನ್ನು ಗುಂಡಿಟ್ಟು ಕೊಂದಿದ್ದರು. ಅಂಥ ಸ್ಥಳದಲ್ಲಿ ಟಿನ್‌ಬರ್ಗೆನ್ ಎರಡು ವರ್ಷ ಕಳೆದರು. ಅಲ್ಲಿಂದ ತಮ್ಮ ಮಕ್ಕಳಿಗೆ ಚಿತ್ರ ಬರೆದು ಕಥೆ ಬರೆದು ಕಳುಹಿಸುತ್ತಿದ್ದರು. ಒಂದು ಕಡಲಹಕ್ಕಿಯ ಕಥೆ. ಇನ್ನೊಂದು ಒಂದು ಸ್ಟಿಕಲ್‌ಬ್ಯಾಕ್ ಮೀನಿನ ಕಥೆ. ಮುಂದೆ ಅವೆರಡೂ ಮಕ್ಕಳ ಪುಸ್ತಕಗಳಾಗಿ ಅಚ್ಚಾದವು.

ಯುದ್ಧ ಮುಗಿಯಿತು. ಲೊರೆಂಟ್ಸ್ ರಷ್ಯನ್ನರ ಸೆರೆಯಲ್ಲಿದ್ದು 1948ರಲ್ಲಿ ಬಿಡುಗಡೆಯಾದರು. 1949ರಲ್ಲಿ ಇಂಗ್ಲೆಂಡಿನಲ್ಲಿ ಇಬ್ಬರೂ ಭೇಟಿಯಾದರು. ತಮ್ಮ ನಾಡಿಗೆ ಆದದ್ದನ್ನು ಟಿನ್‌ಬರ್ಗೆನ್ ಮರೆತಿರಲಿಲ್ಲ. ಆದರೂ ಹಳೆಯ ಗೆಳೆಯನಿಗೆ ಕೈ ಚಾಚಿದರು. ವಿಜ್ಞಾನದ ಕೆಲಸ ಮತ್ತೆ ಒಂದಾಗಿ ನಡೆಯಿತು.

ಆಕ್ಸ್‌ಫರ್ಡ್, ನೊಬೆಲ್, ನೋವು

1947ರಲ್ಲಿ ಲೈಡನ್‌ನಲ್ಲಿ ಪೂರ್ಣ ಪ್ರಾಧ್ಯಾಪಕರಾಗಿದ್ದ ಟಿನ್‌ಬರ್ಗೆನ್ 1949ರಲ್ಲಿ ಅದನ್ನು ಬಿಟ್ಟು, ಅದಕ್ಕಿಂತ ಕೆಳಗಿನ ಹುದ್ದೆಗೆ ಆಕ್ಸ್‌ಫರ್ಡ್‌ಗೆ ಹೋದರು. ಇಂಗ್ಲಿಷ್ ಬಲ್ಲ ಲೋಕಕ್ಕೆ ಈ ಹೊಸ ವಿಜ್ಞಾನವನ್ನು ಮುಟ್ಟಿಸಬೇಕೆಂಬುದು ಅವರ ಉದ್ದೇಶ. 1951ರಲ್ಲಿ ಸಹಜ ಪ್ರವೃತ್ತಿಯ ಅಧ್ಯಯನದ ಕುರಿತ ಅವರ ಮುಖ್ಯ ಗ್ರಂಥ ಹೊರಬಂತು. 1963ರಲ್ಲಿ ಬರೆದ ಲೇಖನವೊಂದರಲ್ಲಿ, ಪ್ರಾಣಿಯ ಯಾವುದೇ ನಡವಳಿಕೆಯ ಬಗ್ಗೆ ನಾಲ್ಕು ಪ್ರಶ್ನೆ ಕೇಳಬೇಕೆಂದು ತಿಳಿಸಿದರು. ಅದು ಈಗ ನಡೆಯುವುದಕ್ಕೆ ಕಾರಣವೇನು, ಮರಿಯಿಂದ ದೊಡ್ಡದಾಗುವಾಗ ಅದು ಹೇಗೆ ಬಂತು, ಬದುಕಿ ಉಳಿಯಲು ಅದರಿಂದ ಏನು ಪ್ರಯೋಜನ, ಜೀವವಿಕಾಸದಲ್ಲಿ ಅದು ಬೆಳೆದುಬಂದ ಬಗೆ ಯಾವುದು. ಪ್ರಾಣಿ ವರ್ತನೆಯ ಪಾಠದಲ್ಲಿ ಇಂದಿಗೂ ಮೊದಲು ಕಲಿಸುವುದು ಈ ನಾಲ್ಕು ಪ್ರಶ್ನೆಗಳನ್ನೇ. ಅವರ ಬಳಿ ಕಲಿತವರು ಹಲವರು. ರಿಚರ್ಡ್ ಡಾಕಿನ್ಸ್ ಅವರೂ ಅವರಲ್ಲೊಬ್ಬರು.

ಹೊರಗೆ ಕೀರ್ತಿ ಬೆಳೆಯುತ್ತಿದ್ದಾಗ ಒಳಗೆ ನೋವಿತ್ತು. ಹಕ್ಕಿಗಳ ಅಧ್ಯಯನದಲ್ಲಿ ಹೆಸರು ಮಾಡಿದ್ದ ತಮ್ಮ ಲ್ಯೂಕ್ 1955ರಲ್ಲಿ ತನ್ನ ಜೀವವನ್ನು ತಾನೇ ಕಳೆದುಕೊಂಡರು. ನಿಕೊ ಅವರನ್ನೂ ಮನೋಖಿನ್ನತೆ ಮತ್ತೆ ಮತ್ತೆ ಕಾಡಿತು. ಹೆಂಡತಿ ಲೀಸ್ ಜೊತೆಗಿದ್ದು ಕಾಪಾಡಿದರು. ದೊಡ್ಡವರಿಗೂ ಇಂಥ ಕಾಯಿಲೆ ಬರುತ್ತದೆ, ಅದು ನಾಚಿಕೆಯ ವಿಷಯವಲ್ಲ ಎಂಬುದನ್ನು ನಾವು ಮಕ್ಕಳಿಗೆ ಹೇಳಬೇಕು.

1973ರ ನೊಬೆಲ್ ಬಹುಮಾನವನ್ನು ಟಿನ್‌ಬರ್ಗೆನ್, ಲೊರೆಂಟ್ಸ್ ಮತ್ತು ಜೇನುನೊಣಗಳ ಭಾಷೆಯನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಹಂಚಿಕೊಂಡರು. ವೈದ್ಯಕೀಯ ವಿಭಾಗದ ಬಹುಮಾನ ಮೀನು, ಹಕ್ಕಿ, ಜೇನುಗಳನ್ನು ನೋಡುತ್ತ ಕುಳಿತವರಿಗೆ ಬಂದದ್ದು ಹಲವರಿಗೆ ಅಚ್ಚರಿಯಾಯಿತು. ಕೊನೆಯ ವರ್ಷಗಳಲ್ಲಿ ಟಿನ್‌ಬರ್ಗೆನ್ ದಂಪತಿಗಳು ಆಟಿಸಂ ಇರುವ ಮಕ್ಕಳ ಬಗ್ಗೆ ಕೆಲಸ ಮಾಡಿದರು. ಆ ಮಕ್ಕಳ ತೊಂದರೆಗೆ ಮನೆಯ ಪರಿಸರ ಕಾರಣ ಎಂದು ಅವರು ನಂಬಿದ್ದು ಮುಂದಿನ ಸಂಶೋಧನೆಯಲ್ಲಿ ನಿಲ್ಲಲಿಲ್ಲ. ನೊಬೆಲ್ ಬಂದವರು ಹೇಳಿದ್ದೆಲ್ಲ ಸರಿಯೆಂದು ಒಪ್ಪದೆ ಪರೀಕ್ಷಿಸಬೇಕು ಎಂಬುದೂ ಅವರು ಕಲಿಸಿದ ವಿಜ್ಞಾನದ್ದೇ ಪಾಠ. 1988ರ ಡಿಸೆಂಬರ್ 21ರಂದು, 81ನೆಯ ವಯಸ್ಸಿನಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಅವರು ತೀರಿಕೊಂಡರು.

ನೀರು ಕದಡಿದಾಗ

ಅವರ ನಂತರವೂ ಆ ಪ್ರಶ್ನೆ ಮುಂದುವರಿಯಿತು. ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಆಫ್ರಿಕಾದಿಂದ ಬಂದದ್ದು. ಅದರ ಕುಟುಂಬದ ನೂರಾರು ಪ್ರಭೇದಗಳು ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿವೆ. ಹತ್ತಿರದ ಸಂಬಂಧಿಗಳಾದ ಎರಡು ಪ್ರಭೇದಗಳಲ್ಲಿ ಒಂದರ ಗಂಡು ನೀಲಿ, ಇನ್ನೊಂದರದು ಕೆಂಪು. ಹೆಣ್ಣುಗಳು ನೋಡಲು ಹೆಚ್ಚುಕಡಿಮೆ ಒಂದೇ ತರಹ. ಅವು ಗಂಡಿನ ಬಣ್ಣ ನೋಡಿ ಜೋಡಿ ಆರಿಸುತ್ತವೆ. ಟಿನ್‌ಬರ್ಗೆನ್ ಕಲಿಸಿದ ಅದೇ ಲೈಡನ್ ವಿಶ್ವವಿದ್ಯಾಲಯದಲ್ಲಿ ಓಲೆ ಸೀಹೌಸೆನ್ ಮತ್ತು ಸಂಗಡಿಗರು, ಬಣ್ಣ ಗೊತ್ತಾಗದಂಥ ಬೆಳಕಿನಲ್ಲಿ ಇಟ್ಟರೆ ಹೆಣ್ಣಿಗೆ ಈ ಆಯ್ಕೆ ಸಾಧ್ಯವಾಗುವುದಿಲ್ಲ ಎಂದು ತೋರಿಸಿದರು. ಸರೋವರದಲ್ಲಿಯೂ ಹೊಲಗದ್ದೆಯ ಮಣ್ಣು, ಗೊಬ್ಬರ, ಊರಿನ ಕೊಳಚೆ ಸೇರಿ ನೀರು ಬಗ್ಗಡವಾದ ಕಡೆ ಬಣ್ಣಗಳು ಮಾಸಿ, ಪ್ರಭೇದಗಳು ಬೆರೆತು ಹೋಗುತ್ತಿವೆ ಎಂದು 1997ರಲ್ಲಿ ಪ್ರಕಟಿಸಿದರು.

ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ಎನೋಸ್ ಎಂಬ ಸಣ್ಣ ಸರೋವರವಿದೆ. ಅದರಲ್ಲಿ ಮೂರು ಮುಳ್ಳಿನ ಸ್ಟಿಕಲ್‌ಬ್ಯಾಕ್‌ನಲ್ಲೇ ಎರಡು ಪ್ರಭೇದಗಳಿದ್ದವು. ಒಂದು ತೆಳು ಮೈಯದು, ನಡುನೀರಿನಲ್ಲಿ ಸೂಕ್ಷ್ಮಜೀವಿ ತಿನ್ನುವುದು. ಇನ್ನೊಂದು ದಪ್ಪ ಮೈಯದು, ದಡದ ಬಳಿ ತಳದ ಹುಳು ತಿನ್ನುವುದು. ಹಿಮಯುಗ ಮುಗಿದ ಮೇಲಿನ ಹದಿಮೂರು ಸಾವಿರ ವರ್ಷಗಳೊಳಗೆ ರೂಪುಗೊಂಡ ಜೋಡಿ ಅದು. ಹೊರಗಿನಿಂದ ಬಂದ ಕ್ರೇಫಿಶ್ ಎಂಬ ಸಿಗಡಿ ಜಾತಿಯ ಪ್ರಾಣಿ ಅಲ್ಲಿ ನೆಲೆಯೂರಿದ ಕಾಲದಲ್ಲೇ, ಕೆಲವು ವರ್ಷಗಳೊಳಗೆ ಎರಡೂ ಬೆರೆತು ಒಂದೇ ಆಗಿಬಿಟ್ಟವು. ಯಾರೂ ಬಲೆ ಹಾಕಿ ಹಿಡಿದು ಮುಗಿಸಲಿಲ್ಲ. ಮೀನು ಇದ್ದೇ ಇತ್ತು. ಆದರೆ ಎರಡು ಪ್ರಭೇದ ಇಲ್ಲವಾಯಿತು.

ನಮ್ಮಲ್ಲಿ ಕೆರೆಗೆ ಬಿಡುವ ಕಾಟ್ಲಾ, ರೋಹು, ಮೃಗಾಲ್ ಉತ್ತರದ ದೊಡ್ಡ ನದಿಗಳ ಮೀನುಗಳು. ಮುಂಗಾರಿನ ಪ್ರವಾಹದಲ್ಲಿ ಒಂದೇ ಕಾಲಕ್ಕೆ ಮೊಟ್ಟೆ ಇಟ್ಟರೂ ನದಿಯಲ್ಲಿ ಅವು ಬೇರೆಬೇರೆಯಾಗಿಯೇ ಉಳಿದಿವೆ. ಮೀನುಮರಿ ಕೇಂದ್ರದಲ್ಲಿ ಒಂದೇ ತೊಟ್ಟಿಯಲ್ಲಿ ಒಟ್ಟಿಗೆ ಮೊಟ್ಟೆ ಇಡಿಸಿದರೆ ಬೆರಕೆ ಮರಿಗಳು ಹುಟ್ಟುತ್ತವೆ. ಆದ್ದರಿಂದಲೇ ತಾಯಿಮೀನುಗಳನ್ನು ಬೇರೆ ಬೇರೆ ಇಡಬೇಕೆಂದು 
ಮೀನುಗಾರಿಕೆ ತಜ್ಞರು ಹೇಳುತ್ತಾರೆ. ನಿಸರ್ಗ ಕಟ್ಟಿದ ಕಾಣದ ಬೇಲಿಗೆ ಜಾಗ ಬೇಕು, ಹರಿವು ಬೇಕು, ತಿಳಿನೀರು ಬೇಕು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಬರೆಯಬೇಕು. ಮೀನುಗಳು ಬೇರೆ ಬೇರೆ ಉಳಿಯುವ ಕಥೆಯನ್ನು ಓದಿ, ಮನುಷ್ಯರೂ ಹೀಗೆಯೇ ಬೇರೆ ಬೇರೆ ಇರಬೇಕು ಎಂದು ಯಾರೂ ಅರ್ಥ ಮಾಡಬಾರದು. ನಮ್ಮ ಭಾಷೆಯಲ್ಲಿ ಮೀನಿಗೂ ಜಾತಿ ಎನ್ನುತ್ತೇವೆ, ಮನುಷ್ಯರಿಗೂ ಜಾತಿ ಎನ್ನುತ್ತೇವೆ. ಪದ ಒಂದೇ ಆದರೂ ಅರ್ಥ ಒಂದಲ್ಲ. ಮೂರು ಮುಳ್ಳಿನ ಮೀನು ಮತ್ತು ಹತ್ತು ಮುಳ್ಳಿನ ಮೀನು ಎರಡು ಪ್ರಭೇದಗಳು. ಭೂಮಿಯ ಮೇಲಿನ ಮನುಷ್ಯರೆಲ್ಲ ಸೇರಿ ಒಂದೇ ಪ್ರಭೇದ. ಪ್ರಾಣಿಗಳ ವಿಜ್ಞಾನವನ್ನು ಜನಾಂಗದ್ವೇಷಕ್ಕೆ ಬಳಸಿದ ಕಾಲದಲ್ಲಿ ಟಿನ್‌ಬರ್ಗೆನ್ ಬದುಕಿದ್ದರು. ಪ್ರಭೇದಗಳ ನಡುವಿನ ಗೆರೆಯನ್ನು ಅವರಷ್ಟು ಬಲ್ಲವರು ಕಡಿಮೆ. ಮನುಷ್ಯರ ನಡುವೆ ಅಂಥ ಗೆರೆ ಎಳೆದವರ ಕೆಳಗೆ ದುಡಿಯಲು ಒಪ್ಪದೆ ಅವರು ಕೆಲಸವನ್ನೂ ಸ್ವಾತಂತ್ರ್ಯವನ್ನೂ ಕಳೆದುಕೊಂಡರು. ನಮ್ಮ ಶಾಲೆಯಲ್ಲಿ ಎಲ್ಲ ಕೇರಿಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಸಾಲಿನಲ್ಲಿ ಬಿಸಿಯೂಟ ಉಣ್ಣುತ್ತಾರೆ. ಸರ್ಕಾರಿ ಶಾಲೆಯ ಐವತ್ತು ವರ್ಷದ ಸಾಧನೆಯಲ್ಲಿ ನನ್ನ ಮಟ್ಟಿಗೆ ಇದೇ ದೊಡ್ಡದು.

ಮಕ್ಕಳೇ, ವಿಜ್ಞಾನಕ್ಕೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಕೊರವ ಮೀನು ತನ್ನ ಮರಿಗಳ ಹಿಂಡನ್ನು ಕಾಯುವುದನ್ನು ಕೆರೆಯ ದಂಡೆಯಲ್ಲಿ ನಿಂತು ನೋಡಬಹುದು. ಯಾವ ಮೀನು ಯಾವ ತಿಂಗಳಲ್ಲಿ ಬಣ್ಣ ಬದಲಿಸುತ್ತದೆ, ಎಲ್ಲಿ ಮೊಟ್ಟೆ ಇಡುತ್ತದೆ ಎಂದು ದಿನಾಂಕ ಹಾಕಿ ಬರೆದಿಡಬಹುದು. ಊರಿನ ಹಿರಿಯರಲ್ಲಿ ನನ್ನ ವಿನಂತಿ: ಕೆರೆಗೆ ಕೊಳಚೆಯನ್ನು ಬಿಡದಂತೆ ನೋಡಿಕೊಳ್ಳಿ, ನೀರು ತಿಳಿಯಾಗಿದ್ದರೆ ಮಾತ್ರ ನೋಡಲು ಏನಾದರೂ ಉಳಿದೀತು. ನನ್ನ ಜೊತೆ ಓದಿದ ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ವಿನಂತಿ. ಈ ಸುವರ್ಣ ಮಹೋತ್ಸವದ ನೆನಪಿಗೆ ನಾವೆಲ್ಲ ಸೇರಿ ವಿಜ್ಞಾನ ಕೋಣೆಗೆ ಮೂರು ಗಾಜಿನ ತೊಟ್ಟಿಗಳನ್ನು ಕೊಡೋಣ. ನೋಡಿಕೊಳ್ಳುವ ಹೊಣೆಯನ್ನು ಮಕ್ಕಳಿಗೇ ಬಿಡೋಣ. ವಿರಾಮದ ಗಂಟೆ ಬಾರಿಸಿದ ಮೇಲೂ ಒಬ್ಬ ಹುಡುಗನೋ ಹುಡುಗಿಯೋ ಅಲ್ಲೇ ಕುಳಿತಿದ್ದರೆ, ಗುರುಗಳು ದಯವಿಟ್ಟು ಎಬ್ಬಿಸದಿರಲಿ.